ಬೇವಿನ ನೆರಳಿನ ನಾಲ್ಕು ತಾಸು

ಆ ಹಾಜರಿ ಆ್ಯಪನ್ನು ನಮ್ಮ ಹೊಲದ ಹೆಂಗಸರ ಫೋನಿಗೆ ಹಾಕಿದ ಪಾಪ ನನ್ನದೇ. ಕಂಪನಿಯವರು ಹಾಕು ಅಂದರು, ಹಾಕಿದೆ. ಹನ್ನೊಂದು ಹೆಂಗಸರು, ಹನ್ನೊಂದು ಫೋನು. ಒಂದೊಂದರಲ್ಲೂ ಅದು ಏಳೆಂಟು ಸಲ ಏನೇನೋ ಕೇಳಿತು. ನೀವಿರುವ ಜಾಗ ನೋಡಲೇ ಅಂದಿತು, ನೋಡು ಅಂದೆ. ಕ್ಯಾಮೆರಾ ತೆರೆಯಲೇ ಅಂದಿತು, ತೆರೆ ಅಂದೆ. ಮೈಕ್ ಬಳಸಲೇ ಅಂದಿತು, ಬಳಸು ಅಂದೆ. ಪಿಯುಸಿ ತನಕ ಓದಿದವಳು ನಾನು, ಒಂದನ್ನೂ ಪೂರ್ತಿ ಓದದೆ ಎಲ್ಲದಕ್ಕೂ ಹೂಂ ಒತ್ತಿದೆ. ಯಾವನಾದರೂ ಮನೆಗೆ ಬಂದು, ಅಡುಗೆಮನೆಯ ಡಬ್ಬಿ ತೆರೆದು ನೋಡಲೇ ಅಂತ ಕೇಳಿದ್ದರೆ ಕಸಬರಿಗೆ ತೆಗೆದುಕೊಳ್ಳುತ್ತಿದ್ದೆ. ಫೋನು ಕೇಳಿತಲ್ಲ, ಅದಕ್ಕೇ ಸುಮ್ಮನೆ ಒತ್ತಿದೆ.

ನಮ್ಮ ಹೊಲ ಬ್ಯಾಡಗಿ ದಾಟಿ ಕಾಗಿನೆಲೆಗೆ ಹೋಗುವ ದಾರಿಯಲ್ಲಿದೆ. ನಾನು ಮತ್ತು ನನ್ನ ಗಂಡ ಕನಕಪ್ಪ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಗೆ ಆರು ವರ್ಷದಿಂದ ಮೆಣಸಿನಕಾಯಿಯ ಹೈಬ್ರಿಡ್ ಬೀಜ ಮಾಡಿಕೊಡುತ್ತಿದ್ದೇವೆ. ಕೆಲಸವೆಲ್ಲ ಹೆಂಗಸರ ಬೆರಳಿನದು. ಮಧ್ಯಾಹ್ನ ಹೆಣ್ಣು ಗಿಡದ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಕೇಸರ ಕಿತ್ತುಹಾಕಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಿ, ಗುರುತಿಗೆ ಬಣ್ಣದ ದಾರ ಕಟ್ಟಬೇಕು. ಇದಕ್ಕೆ ನಮ್ಮ ಕಡೆ ಕ್ರಾಸಿಂಗ್ ಅನ್ನುತ್ತಾರೆ. ಗಂಡು ಗಿಡಗಳು ಬೇರೆಯೇ ಇವೆ, ಹದಿನೈದು ಗುಂಟೆಯಲ್ಲಿ, ಸುತ್ತ ಹಸಿರು ಪರದೆ ಕಟ್ಟಿದೆ. ಆ ತಳಿಯೇ ಕಂಪನಿಯ ಗುಟ್ಟು. ಅದರ ಹೂವು ಇನ್ನೊಂದು ಕಂಪನಿಯ ಕೈಗೆ ಹೋಗಬಾರದು. ಅದಕ್ಕಾಗಿ ಪರದೆಯೊಳಗೆ ಹೋಗಿ ಹೂವು ಬಿಡಿಸುವ ಹೆಂಗಸರು ಇಬ್ಬರೇ. ಇಬ್ಬರ ಹೆಸರೂ ಕರಾರಿನ ಕಾಗದದಲ್ಲಿದೆ. ಒಬ್ಬಳು ಸೋಮವ್ವ, ಇನ್ನೊಬ್ಬಳು ಕುಲ್ಸುಮಬಿ.

ಸೋಮವ್ವನಿಗೆ ನಲವತ್ತಮೂರು. ಕ್ರಾಸಿಂಗ್ ಶುರುಮಾಡಿ ಇಪ್ಪತ್ತು ವರ್ಷವಾಯಿತು. ಅವಳು ಮುಟ್ಟಿಸಿದ ಹತ್ತು ಹೂವಿನಲ್ಲಿ ಒಂಬತ್ತು ಕಾಯಿ ಕಟ್ಟುತ್ತವೆ. ಉಳಿದವರದು ಆರೋ ಏಳೋ. ಹೋದ ವರ್ಷ ಒಂದು ಸಂಜೆ ಬಸ್ಸಿಗೆ ಹೋದವಳು ಅರ್ಧ ತಾಸಿನ ಮೇಲೆ ತಿರುಗಿ ಬಂದಳು. ಏನಾಯಿತು ಅಂದರೆ, ಸೀರೆಯ ನೆರಿಗೆಯಲ್ಲಿ ಎರಡು ಗಂಡು ಹೂವು ಸಿಕ್ಕಿಕೊಂಡಿದ್ದವಂತೆ. ಅವನ್ನು ಪರದೆಯೊಳಗೆ ಹಾಕಿ, ಕೈ ಜಾಡಿಸಿಕೊಂಡು, ತಪ್ಪಿದ ಬಸ್ಸಿಗೆ ಬೈಯುತ್ತ ನಡೆದುಕೊಂಡೇ ಮನೆಗೆ ಹೋದಳು. ಅಂಥವಳ ಮೇಲೆ ಕಳವು ಹೊರಿಸಿದರು. ಹೊರಿಸಿದ್ದು ಮನುಷ್ಯರೂ ಅಲ್ಲ, ಆ ಆ್ಯಪು.

ಅದಕ್ಕೆ ಮೊದಲು ನಮ್ಮ ಹೊಲದ ಒಂದು ಪದ್ಧತಿ ಹೇಳಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ತಿಂಗಳ ಆ ಮೂರು ದಿನ ಯಾವ ಹೆಂಗಸೂ ಹೂವಿನ ಪುಡಿಯ ಬಟ್ಟಲು ಮುಟ್ಟುವುದಿಲ್ಲ. ಮುಟ್ಟಿದರೆ ಕಾಯಿ ನಿಲ್ಲದೆ ಉದುರುತ್ತದೆ ಎಂದು ನಂಬಿಕೆ. ಬೆಳಗಿನ ಕೆಲಸವೆಲ್ಲ ಪುಡಿಯದೇ ಆದ್ದರಿಂದ ಅಂಥವಳು ಏಳರಿಂದ ಹನ್ನೊಂದರ ತನಕ ಬದುವಿನ ಬೇವಿನ ಮರದ ಕೆಳಗೆ ಕೂತು ದಾರ ಕತ್ತರಿಸುತ್ತಾಳೆ. ಮಧ್ಯಾಹ್ನ ಎಲ್ಲರ ಜೊತೆ ಮೊಗ್ಗು ಬಿಡಿಸುತ್ತಾಳೆ. ಯಾರು ಕತ್ತರಿ ಹಿಡಿದು ಮರದ ಕಡೆ ಹೋದರೂ ಉಳಿದವರು ಏನೂ ಕೇಳುವುದಿಲ್ಲ. ಗಂಡಸರು ದಾರ ಕತ್ತರಿಸುವ ಕೆಲಸ ನಡೆದಿದೆ ಅಂದುಕೊಳ್ಳುತ್ತಾರೆ.

ಮೊದಲ ವರ್ಷ ನಾನು ಸೋಮವ್ವನ ಜೊತೆ ವಾದ ಮಾಡಿದ್ದೆ. ಮೆಣಸಿನ ಗಿಡಕ್ಕೆ ನಿನ್ನ ತಿಂಗಳ ಲೆಕ್ಕ ಹೆಂಗ ಗೊತ್ತಾಗ್ತದ ಅಂದಿದ್ದೆ. ಅವಳು, “ನಿನ್ನ ಪಾಠ ನಿನ್ನ ಕಡೆ ಇರ್ಲಿ ಮೀನಾಕ್ಷವ್ವ,” ಅಂದು ಕತ್ತರಿ ತೆಗೆದುಕೊಂಡು ನಡೆದಿದ್ದಳು. ಆಮೇಲೆ ಒಂದು ದಿನ ನೋಡಿದೆ. ಅವಳು ಮರಕ್ಕೆ ಬೆನ್ನು ಆನಿಸಿ, ಕಾಲು ನೀಡಿ, ಕಣ್ಣು ಅರ್ಧ ಮುಚ್ಚಿ ದಾರ ಕತ್ತರಿಸುತ್ತಿದ್ದಳು. ಕ್ರಾಸಿಂಗಿನ ಮೂರು ತಿಂಗಳಲ್ಲಿ ಅವಳ ಬೆನ್ನು ಹಗಲಿನಲ್ಲಿ ಏನಕ್ಕಾದರೂ ತಾಗುವುದು ಆಗ ಮಾತ್ರ. ಅಂದಿನಿಂದ ನಾನು ಆ ಮಾತು ಎತ್ತಲಿಲ್ಲ.

ಆ್ಯಪು ಬಂದದ್ದು ಆಗಸ್ಟ್ ಮೊದಲ ವಾರ. ಬಂದ ಮೇಲೆ ಮೊದಲು ಹೋದದ್ದು ಹೊಲದ ಮಾತು. ಮೊದಲೆಲ್ಲ ಗಂಡಂದಿರ ಗುಣಗಾನ, ಅತ್ತೆಯರ ಕಥೆ, ಸಾಲಿನಿಂದ ಸಾಲಿಗೆ ನಗೆ ಹಾರುತ್ತಿತ್ತು. ಮೈಕ್‌ಗೆ ಹೂಂ ಒತ್ತಿದ್ದೇನೆ ಅಂತ ನಾನೇ ಬಾಯಿ ಜಾರಿ ಹೇಳಿದ್ದೆ. ಅಂದಿನಿಂದ ಎಲ್ಲರೂ ಪಿಸುಮಾತಿಗೆ ಇಳಿದರು. ಕುಲ್ಸುಮಬಿ ಮಾತ್ರ ಸೊಂಟದ ಚೀಲದಲ್ಲಿದ್ದ ಫೋನಿನ ಕಡೆ ಬಗ್ಗಿ, “ಕೇಳ್ರಪ್ಪಾ, ನನ್ನ ಸೊಸಿ ಇವತ್ತೂ ಸಾರಿಗೆ ಉಪ್ಪು ಹಾಕಿಲ್ಲ,” ಅನ್ನುತ್ತಿದ್ದಳು. ಫೋನು ಸದಾ ಮೈಮೇಲೆಯೇ ಇರಬೇಕೆಂಬುದು ನಿಯಮ. ತೆಗೆದಿಟ್ಟರೆ ಐದು ನಿಮಿಷಕ್ಕೆ ಕಿರುಚುತ್ತಿತ್ತು. ಕಿರುಚದಿದ್ದಾಗ ನಿಂತುಬಿಡುತ್ತಿತ್ತು. ಹಾಜರಿ ಒತ್ತಿದರೆ ತಿರುಗಿ ತಿರುಗಿ, ಕೊನೆಗೆ ನೀವು ಗೈರು ಅನ್ನುತ್ತಿತ್ತು. ಎದುರಿಗೆ ನಿಂತ ಹೆಂಗಸಿಗೆ ನೀನು ಬಂದಿಲ್ಲ ಅನ್ನುವ ಯಂತ್ರವನ್ನು ನಂಬಿದವರಿಗೆ ಏನನ್ನಬೇಕು.

ಸೆಪ್ಟೆಂಬರ್ ಕೊನೆಯ ಗುರುವಾರ ಮಧ್ಯಾಹ್ನ ಮೂರರ ಹೊತ್ತಿಗೆ ಕಂಪನಿಯ ಫೀಲ್ಡ್ ಆಫೀಸರ್ ವಿಜಯಮಹಾಂತೇಶ ಬೈಕಿನಲ್ಲಿ ಬಂದ. ಇಪ್ಪತ್ತಾರರ ವಯಸ್ಸು, ಕೃಷಿ ಪದವಿ ಮಾಡಿದವನು. ಮಾತಿನಲ್ಲಿ ಮರ್ಯಾದೆ ಇದೆ, ಇಲ್ಲ ಅನ್ನುವುದಿಲ್ಲ. ಸಾಲಿನಲ್ಲಿ ಮೊಗ್ಗು ಬಿಡಿಸುತ್ತಿದ್ದ ಸೋಮವ್ವನನ್ನು ಬದುವಿಗೆ ಕರೆಸಿದ. ನಾನು ಮತ್ತು ಕನಕಪ್ಪ ಪಕ್ಕದಲ್ಲಿ ನಿಂತಿದ್ದೆವು.

“ಸೋಮವ್ವಾರ, ಆಗಸ್ಟ್ ಹದಿನೆಂಟರಿಂದ ಇಪ್ಪತ್ತು. ಆಮ್ಯಾಲ ಸೆಪ್ಟೆಂಬರ್ ಹದಿನೈದರಿಂದ ಹದಿನೇಳು. ಮುಂಜಾನಿ ಏಳರಿಂದ ಹನ್ನೊಂದರ ತನಕ ಎಲ್ಲಿದ್ರಿ?”

“ಇಲ್ಲೇ ಇದ್ನೆಪಾ.”

“ಇಲ್ಲೇ ಅಂದ್ರ ಎಲ್ಲಿ?”

“ಹೊಲದಾಗ. ಮತ್ತೆಲ್ಲಿ ಇರಾಕಿ?”

ಅವನು ತನ್ನ ಫೋನು ನಮ್ಮ ಕಡೆ ತಿರುಗಿಸಿದ. ನಮ್ಮ ಹೊಲದ ನಕ್ಷೆ, ಸುತ್ತ ಹಳದಿ ಗೆರೆ. ಗೆರೆಯ ಆಚೆ, ಪೂರ್ವಕ್ಕೆ, ಫಕ್ಕೀರಪ್ಪನ ಹೊಲದ ನಡುವೆ ಆರು ಕೆಂಪು ಚುಕ್ಕಿ. ಫಕ್ಕೀರಪ್ಪ ಈ ವರ್ಷ ಬೇರೊಂದು ಕಂಪನಿಗೆ ಬೀಜ ಮಾಡುತ್ತಿದ್ದಾನೆ. ಆರು ದಿನ, ದಿನಕ್ಕೆ ನಾಲ್ಕು ತಾಸು, ಸೋಮವ್ವ ಅಲ್ಲಿದ್ದಳು ಅನ್ನುತ್ತಿತ್ತು ಫೋನು. ಕೆಳಗೆ ಕನ್ನಡದಲ್ಲೇ ಬರೆದಿತ್ತು, ತಳಿ ಕಳವಿನ ಶಂಕೆ.

“ಇವತ್ತ ಸಂಜಿ ಐದರೊಳಗ ಇದನ್ನ ಕ್ಲೋಸ್ ಮಾಡಬೇಕ್ರಿ,” ಅಂದ ವಿಜಯಮಹಾಂತೇಶ. “ಇಲ್ಲಂದ್ರ ತಾನೇ ಮ್ಯಾಲಿನ ಆಫೀಸಿಗೆ ಹೊಕ್ಕೈತಿ. ಅಲ್ಲಿ ಕೆಲಸದವರ ಪಟ್ಟಿನ್ಯಾಗ ಹೆಸರು ಲಾಕ್ ಆತಂದ್ರ ಮುಗೀತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಯಾವ ಕಡೆ ಬೀಜದ ಪ್ಲಾಟಿಗೂ ಇವರನ್ನ ಕರ್ಯಂಗಿಲ್ಲ. ಎಲ್ಲಾ ಕಂಪನಿ ಏಜೆಂಟರೂ ಆ ಪಟ್ಟಿ ನೋಡೇ ಕೆಲಸಕ್ಕ ತಗೋತಾರ.”

ಸೋಮವ್ವ ಕೈಯಲ್ಲಿದ್ದ ಚಿಮಟ ಮುಚ್ಚಿ ತೆರೆದು ಮಾಡುತ್ತಿದ್ದಳು. ಅವಳಿಗೆ ಇನ್ನೊಂದು ಕಸುಬು ಗೊತ್ತಿಲ್ಲ ಅಂತಲ್ಲ. ಆದರೆ ಊರಲ್ಲಿ ಅವಳನ್ನು ಕರೆಯುವುದೇ ಕ್ರಾಸಿಂಗ್ ಸೋಮವ್ವ ಅಂತ. ಕಳ್ಳಿ ಅನ್ನಿಸಿಕೊಂಡು ಆ ಊರಲ್ಲಿ ಹೇಗೆ ತಿರುಗುತ್ತಾಳೆ. ನನಗೆ ತಲೆಗೆ ಏರಿತು.

“ಆಕಿ ಆರೂ ದಿನ ನಮ್ಮ ಬೇವಿನ ಗಿಡದ ಕೆಳಗ ಕುಂತಿದ್ಲು. ನಾನೇ ನೋಡೇನಿ. ಎತ್ತು ಈತು ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೂ ಮಂದಿ ನೀವು.”

“ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಮನುಷ್ಯಾರು ಸುಳ್ಳ ಹೇಳಬಹುದು, ಡೇಟಾ ಹೇಳಂಗಿಲ್ರಿ.”

ಆ ಮಾತು ಅವನದಲ್ಲ, ಯಾರೋ ಟ್ರೇನಿಂಗಿನಲ್ಲಿ ಹೇಳಿಕೊಟ್ಟದ್ದು. ಅದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಅದೇ ಆ್ಯಪು ನಿಮ್ಮ ಫೋನಿನಲ್ಲೂ ಇದೆಯಲ್ಲ, ಬರ್ರಿ ಅಂದೆ. ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಬುಡಕ್ಕೆ ಕೂರಿಸಿದೆ. ನಾನು ಅವನ ಹೆಗಲ ಮೇಲಿಂದ ನೋಡುತ್ತ ನಿಂತೆ. ಕನಕಪ್ಪ, ಸೋಮವ್ವ ಹಿಂದೆ ಬಂದರು.

ಮೊದಲು ಫೋನು ತಿರುಗಿತು. ಆಮೇಲೆ ನಿಂತಿತು. ಆಮೇಲೆ ಅಪ್‌ಡೇಟ್ ಆಗುತ್ತಿದೆ, ದಯವಿಟ್ಟು ಕಾಯಿರಿ ಅಂದಿತು. ನಾವು ಕಾದೆವು. ಹೊಲದ ಕೆಲಸ ನಿಲ್ಲಿಸಿ ನಾಲ್ಕು ಮಂದಿ ಒಂದು ಗಾಜಿನ ತುಂಡಿನ ಮುಂದೆ ಕಾದೆವು. ಏಳೆಂಟು ನಿಮಿಷದ ಮೇಲೆ ನೀಲಿ ಚುಕ್ಕಿಯೊಂದು ಮೂಡಿತು, ಅದು ವಿಜಯಮಹಾಂತೇಶ. ಸರಿಯಾಗಿ ಬೇವಿನ ಮರದ ಮೇಲೆಯೇ ಇತ್ತು. ಅವನು ನನ್ನ ಮುಖ ನೋಡಿದ. ನಾನು ಸುಮ್ಮನೆ ಕೂರ್ರಿ ಅಂದೆ. ಇನ್ನೊಂದು ಐದು ನಿಮಿಷ ಹೋಗಿರಬೇಕು. ಚುಕ್ಕಿ ಸ್ವಲ್ಪ ಅಲ್ಲಾಡಿತು, ಬದುವಿನ ಉದ್ದಕ್ಕೆ ಜಾರಿತು, ಜಾರಿ ಒಂದೇ ಜಿಗಿತಕ್ಕೆ ಹಳದಿ ಗೆರೆ ದಾಟಿ ಫಕ್ಕೀರಪ್ಪನ ಹೊಲದ ನಡುವೆ ಹೋಗಿ ಕೂತಿತು. ಕೂತು ಕೆಂಪಾಯಿತು.

ಕುಲ್ಸುಮಬಿ ಯಾವಾಗ ಸಾಲು ಬಿಟ್ಟು ಬಂದಿದ್ದಳೋ, ನಮ್ಮ ಹಿಂದೆಯೇ ನಿಂತಿದ್ದಳು. “ಸಾಹೇಬ್ರ, ಪಕ್ಕದ ಹೊಲದಿಂದ ನಮಗೂ ನಾಕು ಹೂ ತರ್ರಿ,” ಅಂದಳು. ಸಾಲುಗಳಲ್ಲಿ ಎರಡು ತಿಂಗಳ ಮೇಲೆ ಮೊದಲ ಸಲ ಹೆಂಗಸರು ಜೋರಾಗಿ ನಕ್ಕರು. ಸೋಮವ್ವನೂ ನಕ್ಕಳು. ನನಗೆ ಗೆದ್ದೆ ಅನ್ನಿಸಿತು.

ವಿಜಯಮಹಾಂತೇಶ ಎದ್ದು ದೂರ ಹೋಗಿ ರಾಣೆಬೆನ್ನೂರಿನ ಆಫೀಸಿಗೆ ಫೋನು ಮಾಡಿದ. ತಿರುಗಿ ಬಂದಾಗ ಮುಖ ಇಳಿದಿತ್ತು.

“ಅವರಿಗೆ ಗೊತ್ತೈತಂತ್ರಿ. ಹೋದ ತಿಂಗಳ ಅಪ್‌ಡೇಟ್ ಆದಾಗಿಂದ ಸಿಗ್ನಲ್ ಕಮ್ಮಿ ಇದ್ದಲ್ಲಿ ಚುಕ್ಕಿ ಜಿಗ್ಯಾಕತ್ತಾವಂತ. ದೇವರಗುಡ್ಡದ ಕಡೆನೂ ಎರಡು ಪ್ಲಾಟಿನ್ಯಾಗ ಹಿಂಗ ಆಗೇತಂತ. ಮುಂದಿನ ಅಪ್‌ಡೇಟಿನ್ಯಾಗ ಸರಿ ಮಾಡ್ತಾರಂತ್ರಿ.”

ಗೊತ್ತಿತ್ತಂತೆ. ಕೇಳಿ ನನ್ನ ಮೈ ಉರಿದುಹೋಯಿತು. ಚುಕ್ಕಿ ಸುಳ್ಳು ಹೇಳುತ್ತದೆ ಅಂತ ಗೊತ್ತಿದ್ದೂ ಆ ಚುಕ್ಕಿ ಕೊಟ್ಟು ಇವನನ್ನು ಇಲ್ಲಿಗೆ ಕಳಿಸಿದ್ದರು. ಅಷ್ಟೇ ಅಲ್ಲ. ಆ ಮರದ ಕೆಳಗೆ ಕೂತ ಎಲ್ಲ ಹೆಂಗಸರ ಚುಕ್ಕಿಯೂ ಹಾಗೇ ಜಿಗಿದಿರಬೇಕು, ಅವರೆಲ್ಲರ ತಿಂಗಳ ಮೂರು ದಿನವೂ ಆ ಆ್ಯಪಿನಲ್ಲಿ ತಾರೀಖು ಸಮೇತ ಕೂತಿರಬೇಕು. ಗಂಡು ಗಿಡದ ಪರದೆಯೊಳಗೆ ಹೋಗುವವರದು ಮಾತ್ರ ಶಂಕೆ ಅಂತ ಆಫೀಸಿಗೆ ಹೋಗುತ್ತದೆ, ಉಳಿದವರದು ಸುಮ್ಮನೆ ಒಳಗೆ ಬಿದ್ದಿರುತ್ತದೆ. ಕುಲ್ಸುಮಬಿಗೆ ಆ ವಯಸ್ಸು ದಾಟಿದೆ. ಸಿಕ್ಕವಳು ಸೋಮವ್ವ ಒಬ್ಬಳೇ.

“ಹಂಗಾರ ಆಕಿ ಹೆಸರು ತಗೀರಿ,” ಅಂದೆ.

“ತಗೀತೇನ್ರಿ. ಆದ್ರ ಕಾರಣ ಕೇಳ್ತದ. ಚುಕ್ಕಿ ತಪ್ಪಿರಬಹುದು, ಒಪ್ಪಿದೆ. ಆದ್ರ ಆ ಹೊತ್ತಿನ್ಯಾಗ ಅವರು ಪರದೆ ಒಳಗ ಇರಬೇಕಿತ್ತಲ್ರಿ. ನೀವೇ ಹೇಳಿದ್ರಿ, ಗಿಡದ ಕೆಳಗ ಕುಂತಿದ್ರು ಅಂತ. ಆರು ದಿನ ಯಾಕ ಕುಂತಿದ್ರು?”

ಸೋಮವ್ವನ ನಗು ನಿಂತಿತು. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ನೆಲ ನೋಡಿದಳು. ನಾನು ತಡಮಾಡಲಿಲ್ಲ.

“ನಾನೇ ಕುಂದ್ರಿಸಿದ್ನಿ. ದಾರ ಕತ್ತರ್ಸಾಕ ಹಚ್ಚಿದ್ನಿ. ಬರಕೋರಿ.”

ಅವನು ಬರೆದುಕೊಳ್ಳಲಿಲ್ಲ. “ಹಂಗ ಬರೀಲೇನ್ರಿ ಅಕ್ಕಾರ? ಕರಾರಿನ್ಯಾಗ ಐತಿ ನೋಡ್ರಿ. ಹೆಸರು ಕೊಟ್ಟ ಇಬ್ಬರೂ ದಿನಾ ಮುಂಜಾನಿ ಗಂಡು ಪ್ಲಾಟಿನ್ಯಾಗ ಇರಬೇಕು. ಹೊಲದವರೇ ಒಬ್ಬಾಕಿನ್ನ ಹೊರಗ ಕುಂದ್ರಿಸ್ಯಾರ ಅಂತ ಬರದ್ರ ಇಡೀ ಪ್ಲಾಟ್ ರಿಜೆಕ್ಟ್ ಆಗ್ತದ, ಬೀಜ ತಗೊಳ್ಳಂಗಿಲ್ಲ. ನಾ ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ.”

ಕನಕಪ್ಪ ಕೆಮ್ಮಿದ. ಅಲ್ಲಿಯ ತನಕ ಅವನ ಬಾಯಿಂದ ಬಂದ ಸದ್ದು ಅದೊಂದೇ. ನಾನು ಅವನ ಕಡೆ ನೋಡಿದೆ. ಅವನು ಹೊಲದ ಕಡೆ ನೋಡುತ್ತಿದ್ದ. ನಾನೂ ನೋಡಿದೆ. ಸಾಲಿಗೆ ಸಾಲು ಗಿಡ, ಗಿಡದ ತುಂಬ ಕಾಯಿ, ಕಾಯಿ ಕಾಯಿಗೂ ಕೆಂಪು ಹಸಿರು ದಾರ. ಒಂದು ತಿಂಗಳು ಕಳೆದರೆ ಕೊಯ್ಲು.

“ಬರೀಲೇನ್ರಿ?” ಅಂದ ವಿಜಯಮಹಾಂತೇಶ ಮತ್ತೊಮ್ಮೆ.

ನಾನು ಬರಕೋರಿ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಅವನ ಕೈಯಲ್ಲಿದ್ದ ಫೋನಿನಲ್ಲಿ ಗಂಟೆ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು. ಊರಿಗೆಲ್ಲ ಜೋರುಮಾಡುವ ಬಾಯಿ ಅದು ನನ್ನದು, ತೆರೆಯಲೇ ಇಲ್ಲ. ಸೋಮವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಒಂದು ಗಳಿಗೆ ಕಾದಳು. ಆಮೇಲೆ ಅವನ ಕಡೆ ತಿರುಗಿದಳು.

“ಮುಟ್ಟಾಗಿದ್ನಿ,” ಅಂದಳು. “ಆರೂ ದಿನ. ಅದಕ್ಕ ಗಂಡು ಹೂವು ಮುಟ್ಟಲಿಲ್ಲ. ಬರಕೋ.”

ಸಾಲಿನಲ್ಲಿ ಒಬ್ಬಳ ಕೈಯೂ ಆಡಲಿಲ್ಲ. ಕನಕಪ್ಪ ಮುಖ ಆಚೆ ತಿರುಗಿಸಿಕೊಂಡು ಹೊಲದಂಚಿನ ನೀರಿನ ಹೊಂಡದ ಕಡೆ ನಡೆದುಬಿಟ್ಟ. ಮಗನ ವಯಸ್ಸಿನ ಗಂಡಸಿನ ಮುಂದೆ, ಹಗಲಿನಲ್ಲಿ, ಹತ್ತು ಮಂದಿ ಕೇಳುವಂತೆ ಆ ಮಾತು ಹೇಳಿದ ಸೋಮವ್ವನ ಕುತ್ತಿಗೆ ಕಿವಿಯ ತನಕ ಕಪ್ಪೇರಿತ್ತು. ನಲವತ್ತಮೂರು ವರ್ಷದಲ್ಲಿ ಅವಳು ಅದನ್ನು ಸ್ವಂತ ಗಂಡನಿಗೂ ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ. ನಮ್ಮಲ್ಲಿ ಅದು ಹೇಳುವ ಮಾತೇ ಅಲ್ಲ, ಹೆಂಗಸರು ನೋಡಿ ತಿಳಿದುಕೊಳ್ಳುವ ಮಾತು.

ವಿಜಯಮಹಾಂತೇಶನ ಹೆಬ್ಬೆರಳು ಫೋನಿನ ಮೇಲೆ ಓಡಾಡಿತು. ಓಡಾಡಿ ನಿಂತಿತು. ಅವನು ತಲೆ ಎತ್ತದೆ, ಕೇಳಿಸಿಯೂ ಕೇಳಿಸದಂತೆ ಹೇಳಿದ.

“ಪುರಾವೆ ಫೋಟೋ ಹಾಕು ಅನ್ನಾಕತ್ತೈತ್ರಿ.”

ಆಗ ನನಗೆ ಬಾಯಿ ಬಂತು. ಬರಬೇಕಾದಾಗ ಬರಲಿಲ್ಲ, ಆಗ ಬಂತು. “ಯಾವ ಫೋಟೋ ಬೇಕಂತ ನಿನ್ನ ಕಂಪನಿಗೆ? ಫೋನ್ ಹಚ್ಚು. ಸ್ಪೀಕರಿಗೆ ಹಾಕು. ಯಾವ ಪುರಾವೆ ಬೇಕು, ಎಲ್ಲಿ ಫೋಟೋ ಬೇಕು, ನನ್ನ ಮುಂದ ಒಂದೊಂದಾಗಿ ಹೇಳ್ಲಿ. ನಿಮ್ಮ ಮನ್ಯಾಗ ತಾಯಿ ಇಲ್ಲೇನು, ಅಕ್ಕತಂಗ್ಯಾರು ಇಲ್ಲೇನು? ಅವರ ಫೋಟೋನೂ ಕೇಳ್ತೈತೇನು ಇದು?” ಇನ್ನೂ ಏನೇನೋ ಅಂದೆ. ಬರೆಯುವಂಥದ್ದಲ್ಲ.

ಅವನು ಫೋನನ್ನು ನೆಲಕ್ಕೆ ಹಿಡಿದು ಒತ್ತಿದ. ಟಿಕ್ ಅಂದಿತು. ಬಂದದ್ದು ಅವನದೇ ಬೂಟಿನ ಫೋಟೋ, ಬೂಟಿನ ಮೇಲೆ ಕೆಸರು. ಮೇಲೆ ಹಸಿರು ಗೆರೆ ಓಡಿತು. ಶಂಕೆ ಮುಕ್ತಾಯವಾಗಿದೆ, ಧನ್ಯವಾದಗಳು ಅಂದಿತು. ಆರು ಕೆಂಪು ಚುಕ್ಕಿಯೂ ಹೋದವು.

ನಾನು ಫೋನು ಕಸಿದುಕೊಂಡು ಓದಿದೆ. ಕಾರಣದ ಪಟ್ಟಿ ಇತ್ತು. ಅನಾರೋಗ್ಯ, ಮಳೆ, ಹಾವು, ಕೌಟುಂಬಿಕ ತುರ್ತು. ಎಲ್ಲಕ್ಕಿಂತ ಕೆಳಗೆ ಇತರೆ. ಅವನು ಒತ್ತಿದ್ದು ಇತರೆ.

“ಏನಂತ ಬರದಾನ?” ಸೋಮವ್ವ ನನ್ನನ್ನು ಕೇಳಿದಳು.

“ಇತರೆ ಅಂತ.”

“ಹಂಗಂದ್ರ?”

ಅವನೇ ಹೇಳಿದ. “ಏನರ ಬ್ಯಾರೆ ಕಾರಣ ಅಂತ್ರಿ. ಏನಂತ ಹೇಳಬೇಕಂತಿಲ್ಲ.”

“ಹೇಳಬೇಕಂತಿಲ್ಲ,” ಅಂದಳು ಸೋಮವ್ವ. “ಅದು ನಿನಗ ಮೊದಲ ಗೊತ್ತಿದ್ದಿಲ್ಲೇನು?”

“ಪಟ್ಟಿ ಕೆಳಗ ಸರಿಸಿ ನೋಡಿದ್ದಿಲ್ರಿ.”

ಸೋಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೊಗ್ಗು ಬಿಡಿಸುವುದು ಇನ್ನೂ ಎರಡು ಸಾಲು ಉಳಿದಿತ್ತು, ಹೋಗಿ ಮುಗಿಸಿದಳು. ಆರಕ್ಕೆ ಎಲ್ಲರ ಹಾಗೆ ಸೀರೆ ಜಾಡಿಸಿಕೊಂಡು ಬಸ್ಸಿಗೆ ಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕೆಲಸದವರ ಪಟ್ಟಿಯಲ್ಲಿ ಅವಳ ಹೆಸರು ಹಸಿರಾಗಿತ್ತು, ಯಾವ ಕಂಪನಿಯ ಪ್ಲಾಟಿಗೂ ಹೋಗಬಹುದಿತ್ತು. ಬ್ಯಾಡಗಿಯ ಒಂದು ಗೋದಾಮಿನಲ್ಲಿ ಒಣಮೆಣಸಿನಕಾಯಿ ತೊಟ್ಟು ಮುರಿಯಲು ಹೋಗುತ್ತಿದ್ದಾಳೆ ಎಂದು ಕುಲ್ಸುಮಬಿ ಹೇಳಿದಳು. ಇಪ್ಪತ್ತು ವರ್ಷ ಪಳಗಿದ ಬೆರಳು ಹೋಗಿ ತೊಟ್ಟು ಮುರಿಯುತ್ತಿದೆ. ಅಲ್ಲಿಯ ಖಾರದ ಧೂಳಿಗೆ ದಿನವಿಡೀ ಸೀನು, ರಾತ್ರಿಯೆಲ್ಲ ಅಂಗೈ ಉರಿ.

ಭಾನುವಾರ ಅವಳ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟಳು. ನಾನು ಬೈಯಲು ಶುರುಮಾಡಿದೆ. ಕಂಪನಿಗೆ ಬೈದೆ, ಗೊತ್ತಿದ್ದೂ ಸುಮ್ಮನಿದ್ದ ಆಫೀಸಿಗೆ ಬೈದೆ, ಪಟ್ಟಿ ಕೆಳಗೆ ಸರಿಸದ ಹುಡುಗನಿಗೆ ಬೈದೆ, ಕೆಮ್ಮಿದ ಗಂಡನಿಗೂ ಬೈದೆ. ಎಲ್ಲ ಫೋನುಗಳನ್ನೂ ಒಯ್ದು ಹೊಂಡಕ್ಕೆ ಹಾಕುತ್ತೇನೆ, ನೀನು ನಾಳೆ ಬಾ ಅಂದೆ. ಸೋಮವ್ವ ಕೆಂಪಾದ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತ ಎಲ್ಲ ಕೇಳಿದಳು.

“ಆ ಹುಡುಗ ನನಗ ಯಾರು ಮೀನಾಕ್ಷವ್ವ?” ಅಂದಳು. “ಕಂಪನಿ ನನಗ ಯಾರು? ಅವರಿಗೆ ಬೈದು ನಾ ಏನ್ ಮಾಡ್ಲಿ. ನನ್ನ ಸಿಟ್ಟು ಅವರ ಮ್ಯಾಲ ಇಲ್ಲ. ದಾರ ಕತ್ತರ್ಸಾಕ ನಾನೇ ಕುಂದ್ರಿಸಿದ್ನಿ ಅಂತ ನೀ ಅಂದಿ. ನನ್ನ ಜೀವಕ್ಕ ತಂಪಾತು. ಆಮ್ಯಾಲ ಅವ ಬರೀಲೇನು ಅಂದ. ಎರಡು ಸಲ ಕೇಳಿದ. ನೀ ಹೊಲ ನೋಡಿದಿ. ನಾ ನಿನ್ನ ಬಾಯಿ ನೋಡಕೋತ ನಿಂತಿದ್ನಿ. ನೀ ಸುಮ್ನಾದಿ ಅಂತ ನಾ ಬಾಯಿ ಬಿಟ್ನಿ. ಹೌದಿಲ್ಲೋ?”

ಹೌದು ಅಂದೆ. ಅವಳು ಇನ್ನೊಂದು ಅಂಗೈಗೆ ಎಣ್ಣೆ ಸುರುವಿಕೊಂಡಳು.